ಮೇಷ್ಟ್ರಿಲ್ಲದ ಸಂಜೆ: ಎಸ್ಸೆಸ್ಸೆಲ್ಸಿ ಮಕ್ಕಳು ತಾವೇ ಕಟ್ಟಿಕೊಳ್ಳುವ ಓದಿನ ಗುಂಪು

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮದೂ ಒಂದು ಗುಂಪು ಇತ್ತು. ಒಂಬತ್ತು ಹುಡುಗರು. ಶಾಲೆಯ ಜಗಲಿ. ಸಂಜೆ ಆರರಿಂದ ಎಂಟು. ಒಬ್ಬ ಲೆಕ್ಕ ಮಾಡುತ್ತಿದ್ದ, ಮಿಕ್ಕ ಎಂಟು ಜನ ಬರೆದುಕೊಳ್ಳುತ್ತಿದ್ದೆವು. ಅವನು ಮಾಡುವಾಗ ಎಲ್ಲ ತಿಳಿದಂತೆ ಅನಿಸುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ನಾನು ಎರಡು ಸಾಲು ಬರೆದು ನಿಂತುಬಿಟ್ಟೆ. ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯ ಆ ಎರಡು ಸಾಲನ್ನೂ ಬರೆದಿರಲಿಲ್ಲ. ಕೊನೆಗೆ ಅವನು ಗಣಿತದಲ್ಲಿ ಫೇಲಾದ. ಮತ್ತೆ ಓದಿನ ಕಡೆ ತಲೆ ಹಾಕಲಿಲ್ಲ.

ಅವನಿಗೆ ಏನೂ ಅರ್ಥವಾಗುತ್ತಿಲ್ಲ ಅನ್ನೋದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಅವನನ್ನು ಕೇಳಿರಲಿಲ್ಲ. ಐದು ತಿಂಗಳು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದೆವು. ಆದರೂ ಕೇಳಿರಲಿಲ್ಲ.

ಆಮೇಲೆ ಎಷ್ಟೋ ವರ್ಷ ಹಾಸ್ಟೆಲ್ ಮಕ್ಕಳ ಜೊತೆ ಸಂಜೆ ಹೊತ್ತು ಕೂತಿದ್ದೇನೆ. ಕೆಲವು ಗುಂಪುಗಳು ಎರಡೇ ವಾರಕ್ಕೆ ಹರಟೆಯ ಕಟ್ಟೆಯಾದವು. ಕೆಲವು ಮಾರ್ಚ್ ತನಕ ನಿಂತವು. ನಿಂತ ಗುಂಪುಗಳು ಏನು ಮಾಡಿದವು ಅನ್ನೋದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಇವಕ್ಕೆಲ್ಲ ಬೇರಿನಂತಿರುವ ಮಾತು ಒಂದೇ: ಓದೋದು ಒಬ್ಬೊಬ್ಬರೇ, ಓದಿದ್ದನ್ನು ಒರೆಗೆ ಹಚ್ಚೋದು ಎಲ್ಲರೂ ಸೇರಿ.

ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ಹೊಸದೇನಲ್ಲ. ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಒಂದರಿಂದ ಮೂರನೇ ತರಗತಿ ತನಕ ನಲಿ-ಕಲಿಯಲ್ಲಿ ಕಲಿತಿರುತ್ತೀರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಕಾರ್ಡು ಹಿಡಿದು ತಟ್ಟೆಗಳಲ್ಲಿ, ಅಂದರೆ ಸಣ್ಣ ಸಣ್ಣ ಗುಂಪುಗಳಲ್ಲಿ, ಕೂರುತ್ತಿದ್ದಿರಲ್ಲ, ನೆನಪಿದೆಯಾ? ಒಂದು ತಟ್ಟೆಯಲ್ಲಿ ಮೇಷ್ಟ್ರ ನೆರವು, ಒಂದರಲ್ಲಿ ಗೆಳೆಯರ ನೆರವು, ಇನ್ನೊಂದರಲ್ಲಿ ಸ್ವಂತ ಕಲಿಕೆ. ಏಳು ವರ್ಷದ ಮಗುವಾಗಿದ್ದಾಗ ಪಕ್ಕದವಳಿಗೆ ಹೇಳಿಕೊಟ್ಟಿದ್ದೀರಿ. ನಾಲ್ಕನೇ ತರಗತಿಗೆ ಬಂದ ಮೇಲೆ ಸಾಲಾಗಿ ಬೋರ್ಡಿನ ಕಡೆ ಮುಖ ಮಾಡಿ ಕೂತಿರಿ. ಅಭ್ಯಾಸ ತಪ್ಪಿಹೋಯಿತು, ಅಷ್ಟೇ.

ಹೆಜ್ಜೆ 1: ನಾಲ್ಕು ಜನ, ಹೆಚ್ಚೆಂದರೆ ಐದು

ಫ್ರಾನ್ಸಿನಲ್ಲಿ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದರು. ಜನರಿಂದ ಹಗ್ಗ ಎಳೆಸಿ ಬಲ ಅಳೆದರು. 1913ರಲ್ಲಿ ಅದರ ವಿವರ ಪ್ರಕಟಿಸಿದರು. ಎಳೆಯುವವರು ಜಾಸ್ತಿಯಾದಷ್ಟೂ ಒಬ್ಬೊಬ್ಬರ ಪಾಲಿನ ಎಳೆತ ಕಡಿಮೆಯಾಗುತ್ತಿತ್ತು. ನಮ್ಮ ಜಗಲಿಯಲ್ಲೂ ಆಗಿದ್ದು ಅದೇ. ಒಂಬತ್ತು ಜನರಲ್ಲಿ ಒಬ್ಬ ಸುಮ್ಮನಿದ್ದರೆ ಕಾಣುವುದಿಲ್ಲ. ನಾಲ್ವರಲ್ಲಿ ಒಬ್ಬ ಸುಮ್ಮನಿದ್ದರೆ ಎಲ್ಲರಿಗೂ ಕಾಣುತ್ತದೆ.

ಹಾಗಾಗಿ ನಾಲ್ಕು ಜನ ಸೇರಿ. ಆರು ಜನ ಬಂದರೆ ಮೂರು ಮೂರರ ಎರಡು ಗುಂಪು ಮಾಡಿ.

ಯಾರು ಯಾರು ಅನ್ನೋದು ಇನ್ನೂ ಮುಖ್ಯ. ಕ್ಲಾಸಿಗೆ ಮೊದಲು ಬರುವ ನಾಲ್ವರೇ ಸೇರಬೇಡಿ. ಬರೀ ಜೀವದ ಗೆಳೆಯರೂ ಬೇಡ. ಒಬ್ಬರಿಗೆ ಲೆಕ್ಕ ಚೆನ್ನಾಗಿ ಬರಲಿ, ಒಬ್ಬರಿಗೆ ಇಂಗ್ಲಿಷ್ ಬರಲಿ, ಒಬ್ಬರಿಗೆ ಚಿತ್ರ ಬಿಡಿಸೋದು ಸಲೀಸಾಗಿರಲಿ. ಯಾವುದೋ ಒಂದು ವಿಷಯ ಕಂಡರೆ ಹೆದರುವ ಒಬ್ಬರಾದರೂ ಇರಲಿ. ಅವರನ್ನು ಕರುಣೆಯಿಂದ ಸೇರಿಸಿಕೊಳ್ಳುತ್ತಿಲ್ಲ. 'ಇದು ಯಾಕೆ ಹೀಗೆ?' ಅಂತ ಕೇಳುವವರು ಇಲ್ಲದಿದ್ದರೆ ಗುಂಪಿನಲ್ಲಿ ಯಾರೂ ಏನನ್ನೂ ವಿವರಿಸುವುದಿಲ್ಲ. ವಿವರಿಸದೆ ಹೋದರೆ ನಿಮಗೆ ನಿಜಕ್ಕೂ ಗೊತ್ತಿದೆಯೋ ಇಲ್ಲವೋ ಅಂತ ನಿಮಗೇ ತಿಳಿಯುವುದಿಲ್ಲ.

ಮನೆಗಳು ಹತ್ತಿರ ಇರಲಿ. ಬೇರೆ ಊರಿನ ಗೆಳತಿಯನ್ನು ಸೇರಿಸಿಕೊಂಡರೆ ಅವಳ ಕೊನೇ ಬಸ್ಸಿನ ಹೊತ್ತೇ ನಿಮ್ಮ ಗಡಿಯಾರವಾಗುತ್ತದೆ.

ಹೆಜ್ಜೆ 2: ಜಾಗ, ಹೊತ್ತು, ಮನೆಯವರ ಒಪ್ಪಿಗೆ

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ಶಾಲೆಯ ಒಂದು ಕೊಠಡಿ, ಹಾಸ್ಟೆಲಿನ ಊಟದ ಹಾಲ್, ದೇವಸ್ಥಾನದ ಜಗಲಿ. ಎಲ್ಲಾದರೂ ಸರಿ. ಬೆಳಕಿರಬೇಕು, ನೆಲದ ಮೇಲೆ ಬರೆಯಲು ಆಗಬೇಕು. ಸೀಮೆಸುಣ್ಣದಲ್ಲಿ ನೆಲದ ಮೇಲೇ ಲೆಕ್ಕ ಮಾಡೋದಕ್ಕೆ ಒಂದು ಲಾಭ ಇದೆ. ನಾಲ್ವರಿಗೂ ಒಟ್ಟಿಗೆ ಕಾಣುತ್ತದೆ, ತಪ್ಪಾದರೆ ಕೈಯಲ್ಲೇ ಒರೆಸಬಹುದು.

ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ ಸಾಕು. ದಿನಾ ಸೇರುತ್ತೇವೆ ಅಂತ ಶುರು ಮಾಡಿದವರು ಬೇಗ ಸೋಲುತ್ತಾರೆ. ಡೇರಿಗೆ ಹಾಲು ಹಾಕಿ ಬರುವವರಿದ್ದರೆ ಅದಾದ ಮೇಲೆ ಕೂರಿ. ಮನೆಗೆಲಸ ಬಿಟ್ಟು ಬರಬೇಕಾದ ಹೊತ್ತನ್ನು ಇಟ್ಟುಕೊಂಡರೆ ಒಂದು ದಿನ ಅಮ್ಮ ಬೇಡ ಅಂದೇ ಅನ್ನುತ್ತಾರೆ.

ಹೆಣ್ಣುಮಕ್ಕಳಿರುವ ಗುಂಪು ಇನ್ನೊಂದು ಕೆಲಸ ಮಾಡಬೇಕು. ಮೊದಲ ದಿನವೇ ನಾಲ್ವರೂ ಸೇರಿ ನಾಲ್ಕು ಮನೆಗೂ ಹೋಗಿ ಬನ್ನಿ. ಎಲ್ಲಿ ಕೂರುತ್ತೇವೆ, ಯಾರಿರುತ್ತಾರೆ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೇವೆ ಅಂತ ಹೇಳಿ. ಹೇಳಿದ ಹೊತ್ತಿಗೆ ಬಂದೇ ಬನ್ನಿ. ಎರಡು ವಾರ ಮಾತು ಉಳಿಸಿಕೊಂಡರೆ ಮೂರನೇ ವಾರ ಯಾರೂ ಪ್ರಶ್ನೆ ಕೇಳುವುದಿಲ್ಲ.

ಯಾರದಾದರೂ ಮನೆಯಲ್ಲಿ ಕೂರುವುದಾದರೆ ಕಾಫಿ, ತಿಂಡಿ ಬೇಡ ಅಂತ ಮೊದಲೇ ಹೇಳಿಬಿಡಿ. ಬಂದವರಿಗೆ ಏನೂ ಕೊಡದೆ ಕಳಿಸೋಕೆ ನಮ್ಮ ಅಮ್ಮಂದಿರಿಗೆ ಮನಸ್ಸು ಬರುವುದಿಲ್ಲ. ವಾರಕ್ಕೆ ಮೂರು ದಿನ ನಾಲ್ವರಿಗೆ ತಿಂಡಿ ಮಾಡುವುದು ಯಾವ ಮನೆಗಾದರೂ ಭಾರವೇ ಅಲ್ವಾ?

ಹೆಜ್ಜೆ 3: ಬರುವ ಮುಂಚೆ ಒಬ್ಬರೇ ಕೂತು ಓದಿ

ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ವ್ಯರ್ಥ. ನಮ್ಮ ಜಗಲಿ ಗುಂಪು ಮುಳುಗಿದ್ದು ಇಲ್ಲೇ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಅನ್ನುವವರಿಗೆ ಒಂದು ಪ್ರಶ್ನೆ ಕಾಡಿತು. ಚೆನ್ನಾಗಿ ಓದಿ ಬಂದಿದ್ದ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್ ಅನ್ನುವ ಮೇಲಿನ ತರಗತಿಯ ಗಣಿತದಲ್ಲಿ ಯಾಕೆ ಎಡವುತ್ತಿದ್ದಾರೆ? ಚೀನಿ ಮೂಲದ ವಿದ್ಯಾರ್ಥಿಗಳು ಯಾಕೆ ಮುಂದಿದ್ದಾರೆ? ಅವರು ವಿದ್ಯಾರ್ಥಿಗಳ ಜೊತೆಗೇ ಇದ್ದು, ಅವರು ಹೇಗೆ ಓದುತ್ತಾರೆ ಅಂತ ನೋಡಿದರು. ಕಪ್ಪು ವಿದ್ಯಾರ್ಥಿಗಳಲ್ಲಿ ಬಹುತೇಕರು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಂಟಿಯಾಗಿ. ಸಿಕ್ಕಿಹಾಕಿಕೊಂಡರೆ ಕೇಳಲು ಯಾರೂ ಇರಲಿಲ್ಲ. ಚೀನಿ ಮೂಲದವರು ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡಿ, ಆಮೇಲೆ ಒಟ್ಟಿಗೆ ಕೂತು ಉತ್ತರ ಹೋಲಿಸುತ್ತಿದ್ದರು. ಒಬ್ಬರಿಗೊಬ್ಬರು ಪ್ರಶ್ನೆ ಹಾಕುತ್ತಿದ್ದರು. ಟ್ರೈಸ್‌ಮನ್ ಆಮೇಲೆ ಎಲ್ಲರೂ ಹಾಗೆ ಕೂತು ಕಠಿಣ ಲೆಕ್ಕಗಳನ್ನು ಮಾಡುವ ಕೂಟಗಳನ್ನು ಶುರು ಮಾಡಿದರು. ಬಂದವರ ಅಂಕಗಳು ಏರಿದವು.

ಇದರಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ಒಂಟಿ, ಆಮೇಲೆ ಗುಂಪು. ತಿರುಗುಮುರುಗಾದರೆ ಅದು ಕಾಪಿ ಹೊಡೆಯೋದಾಗುತ್ತದೆ.

ಗುಂಪಿಗೆ ಬರುವ ಮುಂಚೆ ಪ್ರತಿಯೊಬ್ಬರೂ ಮೂರು ಕೆಲಸ ಮುಗಿಸಿರಲಿ. ಗೊತ್ತಾದ ಪಾಠವನ್ನು ಪಠ್ಯಪುಸ್ತಕದಿಂದಲೇ ಒಮ್ಮೆ ಓದುವುದು. ಗೈಡ್ ಆಮೇಲೆ ನೋಡಿದರಾಯಿತು. ಅಭ್ಯಾಸದ ಲೆಕ್ಕ ಅಥವಾ ಪ್ರಶ್ನೆಗಳಲ್ಲಿ ಐದನ್ನಾದರೂ ತಾವೇ ಪ್ರಯತ್ನಿಸುವುದು. ತಿಳಿಯದ ಜಾಗವನ್ನು ಬರೆದುಕೊಂಡು ಬರುವುದು. 'ತ್ರಿಭುಜ ಪಾಠ ಅರ್ಥವಾಗಲಿಲ್ಲ' ಅಂತ ಬರೆದರೆ ಯಾರೂ ನೆರವಾಗಲಾರರು. 'ಥೇಲ್ಸ್ ಪ್ರಮೇಯದ ಸಾಧನೆಯಲ್ಲಿ ಎರಡು ತ್ರಿಭುಜದ ಎತ್ತರ ಒಂದೇ ಅಂತಾರೆ, ಅದು ಹೇಗೆ?' ಅಂತ ಬರೆಯಿರಿ. ಅಷ್ಟು ಬರೆಯುವಾಗಲೇ ಅರ್ಧ ಗೊಂದಲ ಬಿಡಿಸಿಕೊಳ್ಳುತ್ತದೆ.

ಓದದೆ ಬಂದವರನ್ನು ಬೈಯಬೇಡಿ, ವಾಪಸ್ಸೂ ಕಳಿಸಬೇಡಿ. ಅಲ್ಲೇ ಮೂಲೆಯಲ್ಲಿ ಅರ್ಧ ಗಂಟೆ ಓದಲಿ, ಆಮೇಲೆ ಸೇರಿಕೊಳ್ಳಲಿ.

ಹೆಜ್ಜೆ 4: ಆ ಒಂದೂವರೆ ಗಂಟೆ

ಮೊದಲ ಇಪ್ಪತ್ತು ನಿಮಿಷ ಮಾತು ಬೇಡ. ಪುಸ್ತಕ ಮುಚ್ಚಿ. ಓದಿ ಬಂದ ಪಾಠದಲ್ಲಿ ನೆನಪಿರುವುದನ್ನೆಲ್ಲ ಖಾಲಿ ಹಾಳೆಯಲ್ಲಿ ಬರೆಯಿರಿ. ಹೃದಯದ ಚಿತ್ರ ಬಿಡಿಸಿ ಭಾಗ ಗುರುತಿಸಿ. ಓಮ್‌ನ ನಿಯಮ ಬರೆದು ಮಂಡಲದ ಚಿತ್ರ ಹಾಕಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಆ ಕೆಂಪು ಗುರುತುಗಳೇ ನಿಮ್ಮ ನಾಳೆಯ ಓದು.

ಇದು ಕಷ್ಟ ಅನಿಸುತ್ತದೆ. ಮತ್ತೆ ಮತ್ತೆ ಓದೋದೇ ಹಿತ. ಆದರೆ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಕೆಲವು ವಿದ್ಯಾರ್ಥಿಗಳು ಒಂದು ಪಠ್ಯವನ್ನು ಮತ್ತೆ ಓದಿದರು. ಕೆಲವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದು. ನಿಮ್ಮ ಪರೀಕ್ಷೆ ಇರೋದು ಐದು ನಿಮಿಷದ ಮೇಲಲ್ಲ.

ಮುಂದಿನ ಒಂದು ಗಂಟೆ ಗುಂಪಿನ ನಿಜವಾದ ಕೆಲಸ. ತಿಳಿಯದ ಜಾಗಗಳನ್ನು ಬರೆದು ತಂದಿದ್ದೀರಲ್ಲ, ಅವನ್ನು ನಡುವೆ ಇಡಿ. ಒಂದೊಂದನ್ನೇ ತೆಗೆದುಕೊಳ್ಳಿ. ಇಲ್ಲಿ ಒಂದೇ ಒಂದು ನಿಯಮ. ಅದನ್ನು ಮಾತ್ರ ಮುರಿಯಬೇಡಿ: ಗೊತ್ತಿದ್ದವರ ಕೈಯಲ್ಲಿ ಪೆನ್ನು ಇರಬಾರದು. ಸೀಮೆಸುಣ್ಣ ಗೊತ್ತಿಲ್ಲದವರ ಕೈಯಲ್ಲಿರಲಿ. ಗೊತ್ತಿದ್ದವರು ಬಾಯಲ್ಲಿ ದಾರಿ ತೋರಿಸಲಿ, ಅದೂ ಆದಷ್ಟು ಪ್ರಶ್ನೆ ಕೇಳಿಯೇ. ಪೆನ್ನು ಕಿತ್ತುಕೊಂಡು 'ತಗೋ, ಹೀಗೆ' ಅಂತ ಮಾಡಿ ತೋರಿಸಿದರೆ ಬೇಗ ಮುಗಿಯುತ್ತದೆ. ಕಲಿತವರು ಮಾತ್ರ ಯಾರೂ ಇರುವುದಿಲ್ಲ.

ನಾನು ನೋಡಿದ ಒಂದು ಸಂಜೆ ಹೇಳುತ್ತೇನೆ. ಸಮಾಂತರ ಶ್ರೇಢಿಯ ಲೆಕ್ಕ. ಮೊದಲ ಪದ 3, ಸಾಮಾನ್ಯ ವ್ಯತ್ಯಾಸ 4. 20ನೇ ಪದ ಎಷ್ಟು? ಒಬ್ಬ ಹುಡುಗಿ 3ಕ್ಕೆ 20 ಸಲ 4 ಕೂಡಿಸಿ 83 ಅಂದಳು.

"ಅಲ್ಲ ಕಣೇ, 79. ಸೂತ್ರದಲ್ಲಿ ಒಂದು ಕಳೀಬೇಕು."

"ಯಾಕೆ ಕಳೀಬೇಕು?"

"ಸೂತ್ರ ಇರೋದೇ ಹಾಗೆ."

ಸಾಮಾನ್ಯವಾಗಿ ಮಾತು ಇಲ್ಲಿಗೆ ನಿಲ್ಲುತ್ತದೆ. ಆ ಹುಡುಗಿ ಬಿಡಲಿಲ್ಲ. "ಅದೇ ಯಾಕೆ ಅಂತ ಕೇಳ್ತಿರೋದು" ಅಂದಳು. ಸರಿಯುತ್ತರ ಹೇಳಿದವಳಿಗೂ ಗೊತ್ತಿರಲಿಲ್ಲ. ಅಷ್ಟು ಹೊತ್ತು ಸುಮ್ನೆ ಕೂತಿದ್ದ ಮೂರನೆಯವಳು ನೆಲದ ಮೇಲೆ ಗೆರೆ ಎಳೆಯತೊಡಗಿದಳು. ಅವರ ತೋಟಕ್ಕೆ ಆ ವಾರವೇ ಬೇಲಿ ಹಾಕಿಸಿದ್ದರು. "20 ಕಲ್ಲುಕಂಬ ನೆಟ್ಟರೆ ಮಧ್ಯೆ ಸಂದು ಎಷ್ಟು? 19. ಮೊದಲನೇ ಕಂಬ ಆಗಲೇ ನಿಂತಿದೆ. ಅಲ್ಲಿಂದ 20ನೇ ಕಂಬಕ್ಕೆ ಹೋಗೋಕೆ 19 ಸಂದು ದಾಟಬೇಕು. ಒಂದೊಂದು ಸಂದಿಗೂ 4." ಹತ್ತೊಂಬತ್ತು ನಾಲ್ಕಲೆ 76, ಅದಕ್ಕೆ 3. 79.

ಮೂವರ ಮುಖವೂ ಅರಳಿದ್ದನ್ನು ನಾನು ಮರೆತಿಲ್ಲ. ಸೂತ್ರ ಬಾಯಿಪಾಠ ಇದ್ದವಳಿಗೆ ಆ ದಿನ ಸೂತ್ರದ ಅರ್ಥ ಸಿಕ್ಕಿತು. ಕೊಟ್ಟಿದ್ದು ಲೆಕ್ಕದಲ್ಲಿ ಹಿಂದೆ ಅಂತ ಎಲ್ಲರೂ ಅಂದುಕೊಂಡಿದ್ದ ಹುಡುಗಿ. ನಾಲ್ವರ ಗುಂಪು ಮಾಡಿ, ಅದರಲ್ಲಿ ಬೇರೆ ಬೇರೆ ಥರದವರಿರಲಿ ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಒಂದು ಲೆಕ್ಕ ಮುಗಿದ ಮೇಲೆ 'ಅರ್ಥ ಆಯ್ತಾ?' ಅಂತ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ 'ಹ್ಞೂಂ' ಅನ್ನುತ್ತಾರೆ. ನನ್ನ ಗೆಳೆಯನೂ ಐದು ತಿಂಗಳು 'ಹ್ಞೂಂ' ಅಂದಿದ್ದ. ಅದರ ಬದಲು ಅಂಕಿ ಬದಲಾಯಿಸಿ ಕೊಡಿ: ಮೊದಲ ಪದ 7, ವ್ಯತ್ಯಾಸ 5, 12ನೇ ಪದ? ನೋಡದೆ ಮಾಡಿದರೆ ಅರ್ಥವಾಗಿದೆ. ಆಗದಿದ್ದರೆ ಆ ಜಾಗಕ್ಕೇ ವಾಪಸ್ ಹೋಗಿ. ನಾಲ್ವರೂ ಮಾಡುವ ತನಕ ಮುಂದಿನದಕ್ಕೆ ಹೋಗಬೇಡಿ. ಒಬ್ಬರಿಗಾಗಿ ಮೂವರ ಸಮಯ ಹಾಳು ಅನಿಸಬಹುದು. ಮೂರನೇ ಸಲ ಬೇರೆ ಮಾತಿನಲ್ಲಿ ವಿವರಿಸುವಾಗ ನಿಮ್ಮ ತಿಳಿವಳಿಕೆಯೇ ಗಟ್ಟಿಯಾಗುತ್ತಿರುತ್ತದೆ.

ಕೊನೆಯ ಹತ್ತು ನಿಮಿಷದಲ್ಲಿ ಮುಂದಿನ ಸಲದ ಪಾಠ ಗೊತ್ತು ಮಾಡಿಕೊಂಡು, ಹಾಳೆಯ ಮೇಲೆ ಬರೆದು ಏಳಿ.

ಹೆಜ್ಜೆ 5: ಪಾಠ ಹಂಚಿಕೊಳ್ಳುವುದು, ಎಚ್ಚರಿಕೆಯಿಂದ

1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಕಪ್ಪು, ಬಿಳಿ ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಿದಾಗ ಜಗಳಗಳು ಶುರುವಾದವು. ಎಲಿಯಟ್ ಆರನ್‌ಸನ್ ಎಂಬ ಮನೋವಿಜ್ಞಾನಿ ಒಂದು ದಾರಿ ಹುಡುಕಿದರು. ಒಂದು ಪಾಠವನ್ನು ತುಂಡು ಮಾಡಿ, ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟರು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿಯಾಗುವಂತಿರಲಿಲ್ಲ. ಹಾಗಾಗಿ ಕೇಳಲೇಬೇಕಾಯಿತು.

ಸಮಾಜ ವಿಜ್ಞಾನಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. 1857ರ ದಂಗೆಯ ಪಾಠ ಅಂದುಕೊಳ್ಳಿ. ರಾಜಕೀಯ ಕಾರಣ ಒಬ್ಬರು, ಆರ್ಥಿಕ ಕಾರಣ ಒಬ್ಬರು, ಸೈನಿಕ ಕಾರಣ ಒಬ್ಬರು, ಪರಿಣಾಮ ಒಬ್ಬರು ತಯಾರಿ ಮಾಡಿ ಬಂದು ಪುಸ್ತಕ ನೋಡದೆ ಹೇಳಲಿ. ಕೇಳುವವರು ಎರಡೆರಡು ಪ್ರಶ್ನೆ ಹಾಕಲಿ.

ಗಣಿತಕ್ಕೆ ಹೀಗೆ ಹಂಚಬೇಡಿ. 'ನೀನು ವರ್ಗ ಸಮೀಕರಣ ನೋಡ್ಕೋ, ನಾನು ವೃತ್ತ ನೋಡ್ಕೋತೀನಿ' ಅಂದರೆ ಒಬ್ಬೊಬ್ಬರಿಗೂ ಒಂದೊಂದೇ ಪಾಠ ಬರುತ್ತದೆ. ನೋಟ್ಸ್ ಹಂಚಿಕೊಳ್ಳುವುದೂ ಅಷ್ಟೇ. ಇನ್ನೊಬ್ಬರು ಬರೆದ ನೋಟ್ಸನ್ನು ಜೆರಾಕ್ಸ್ ಮಾಡಿಸಿದರೆ ಬ್ಯಾಗು ಭಾರವಾಗುತ್ತದೆ.

ಹೆಜ್ಜೆ 6: ಎಲ್ಲರೂ ಒಪ್ಪಿದ ಮಾತ್ರಕ್ಕೆ ಸರಿಯಲ್ಲ

ಮೇಷ್ಟ್ರಿಲ್ಲದ ಗುಂಪಿಗೆ ಇರುವ ದೊಡ್ಡ ಅಪಾಯ ಇದು. ಜೋರಾಗಿ ಹೇಳುವವರ ಮಾತು ಗೆಲ್ಲುತ್ತದೆ. ಸಮೀಪ ದೃಷ್ಟಿ ದೋಷಕ್ಕೆ ಪೀನ ಮಸೂರ ಅಂತ ಒಬ್ಬ ಧೈರ್ಯವಾಗಿ ಹೇಳಿದರೆ ಮೂವರು ಹಾಗೇ ಬರೆದುಕೊಳ್ಳುತ್ತಾರೆ. ಬೇಕಾದದ್ದು ನಿಮ್ನ ಮಸೂರ. ಹಾಗಾಗಿ ಉತ್ತರದಲ್ಲಿ ಭಿನ್ನಾಭಿಪ್ರಾಯ ಬಂದರೆ ಕೈ ಎತ್ತಿಸಿ ತೀರ್ಮಾನ ಮಾಡಬೇಡಿ. ಪುಸ್ತಕ ತೆಗೆಯಿರಿ. ಎಲ್ಲರೂ ಒಂದೇ ಉತ್ತರ ಹೇಳಿದಾಗಲೂ ಆಗಾಗ ತೆಗೆಯಿರಿ.

ಪುಸ್ತಕದಲ್ಲೂ ಬಗೆಹರಿಯದ್ದಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಅದು ಗುಂಪಿನ ಸಂದೇಹದ ಪುಸ್ತಕ. ವಾರಕ್ಕೊಮ್ಮೆ ಅದನ್ನು ಹಿಡಿದು ಮೇಷ್ಟ್ರ ಹತ್ತಿರ ಹೋಗಿ. "ಸರ್, ನಾಲ್ವರೂ ಕೂತು ಇಲ್ಲಿ ತನಕ ಮಾಡಿದ್ದೀವಿ. ಈ ಸಾಲಿಂದ ಮುಂದೆ ಹೋಗಕ್ಕಾಗ್ತಿಲ್ಲ" ಅನ್ನಿ. ಹೀಗೆ ಕೇಳಿದ ಮಕ್ಕಳಿಗೆ ಊಟದ ಬಿಡುವಿನಲ್ಲೂ ನಿಂತು ಹೇಳಿಕೊಟ್ಟ ಮೇಷ್ಟ್ರುಗಳನ್ನು ನಾನು ಕಂಡಿದ್ದೇನೆ. ಒಬ್ಬರೇ ಹೋಗೋಕೆ ಹೆದರುವವರೂ ನಾಲ್ವರಾಗಿ ಹೋಗುತ್ತಾರೆ.

ಗೆಳೆಯರ ತಪ್ಪನ್ನು ಹೇಳೋದು ಸುಲಭವಲ್ಲ. ಹೇಳಿಸಿಕೊಳ್ಳೋದು ಇನ್ನೂ ಕಷ್ಟ. 1922ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕಟ್ಟಿಕೊಂಡ 'ಗೆಳೆಯರ ಗುಂಪು' ಇಲ್ಲಿ ನನಗೆ ನೆನಪಾಗುತ್ತದೆ. ಮುಂದೆ ಕನ್ನಡದ ದೊಡ್ಡ ಹೆಸರುಗಳಾದವರು, ಶಂಬಾ ಜೋಶಿ, ಗೋಕಾಕ್, ಮುಗಳಿ, ಬೆಟಗೇರಿ ಕೃಷ್ಣಶರ್ಮ ಅಂಥವರು, ಅಲ್ಲಿ ಒಬ್ಬರಿಂದೊಬ್ಬರು ಕಲಿತರು. ಯಾವ ಕಾಲೇಜೂ ಅವರನ್ನು ಹಾಗೆ ಸೇರಿಸಿರಲಿಲ್ಲ. ತಾವೇ ಸೇರಿದ್ದರು.

ಹೆಜ್ಜೆ 7: ಬಿರುಕು ಬಿಟ್ಟಾಗ

ಬಿಟ್ಟೇ ಬಿಡುತ್ತದೆ. ಒಬ್ಬ ಎರಡು ಸಲ ಬರಲಿಲ್ಲವೆಂದರೆ ಮೂರನೇ ಸಲ ಕಾಯಬೇಡಿ, ಮನೆಗೆ ಹೋಗಿ ವಿಚಾರಿಸಿ. ಸೋಮಾರಿತನ ಇರಬಹುದು. ಅಪ್ಪನಿಗೆ ಹುಷಾರಿಲ್ಲದೆ ಕೂಲಿಗೆ ಹೋಗುತ್ತಿರಲೂಬಹುದು. ಎರಡಕ್ಕೂ ಮಾಡಬೇಕಾದದ್ದು ಬೇರೆ ಬೇರೆ. ಹೋಗಿ ನೋಡದೆ ಗೊತ್ತಾಗುವುದಿಲ್ಲ.

ನಗಬೇಡಿ. ದಡ್ಡ ಪ್ರಶ್ನೆ ಕೇಳಿದಾಗ ಒಮ್ಮೆ ನಕ್ಕರೆ ಸಾಕು, ಆ ಬಾಯಿಂದ ಇನ್ನೊಂದು ಪ್ರಶ್ನೆ ಬರುವುದಿಲ್ಲ.

ಮೊಬೈಲ್ ಒಂದೇ ಇರಲಿ, ಅದೂ ಚೀಲದಲ್ಲಿ. ಮಾದರಿ ಪ್ರಶ್ನೆಪತ್ರಿಕೆ ನೋಡಲು ಮಾತ್ರ ತೆಗೆಯಿರಿ. ವಾಟ್ಸಾಪ್ ಗುಂಪು ಮಾಡಿದರೆ ಹೊತ್ತು, ಜಾಗ ತಿಳಿಸೋದಕ್ಕೆ ಬಳಸಿ. ಉತ್ತರದ ಫೋಟೋ ಹಾಕಲು ಶುರುವಾದರೆ ಹೆಜ್ಜೆ 3 ಸತ್ತಂತೆ.

ಹೆಜ್ಜೆ 8: ಜನವರಿಯಿಂದ ಪ್ರಶ್ನೆಪತ್ರಿಕೆ

ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ವಾರಕ್ಕೊಂದನ್ನು ಗಡಿಯಾರ ಇಟ್ಟುಕೊಂಡು, ಪೂರ್ತಿ ಹೊತ್ತು ಕೂತು ಬರೆಯಿರಿ. ಆಮೇಲೆ ಹಾಳೆ ಅದಲು ಬದಲು ಮಾಡಿಕೊಂಡು ಕೀ ಉತ್ತರ ನೋಡಿ ತಿದ್ದಿ. ಲೆಕ್ಕಕ್ಕೆ ಹಂತ ಹಂತವಾಗಿ ಅಂಕ ಇರುತ್ತದೆ. ಸಾಮಾನ್ಯವಾಗಿ ಸೂತ್ರ ಬರೆದದ್ದಕ್ಕೆ ಅರ್ಧ ಅಂಕ, ಬೆಲೆ ಹಾಕಿದ್ದಕ್ಕೆ ಅರ್ಧ ಅಂಕ. ಗೆಳೆಯನ ಹಾಳೆ ತಿದ್ದುವಾಗ ಇದು ಕಣ್ಣಿಗೆ ರಾಚುತ್ತದೆ: ಉತ್ತರ ತಪ್ಪಿದ್ದರೂ ಅಂಕ ಬರುತ್ತಿತ್ತು, ಇವನು ಸೂತ್ರವನ್ನೇ ಬರೆಯದೆ ಬಿಟ್ಟಿದ್ದಾನೆ. ಮರುವಾರ ನೀವು ಬಿಡುವುದಿಲ್ಲ.

ಯಾರಿಗೆ ಎಷ್ಟು ಬಂತು ಅಂತ ಪಟ್ಟಿ ಮಾಡಬೇಡಿ. ಹೋದ ವಾರ ನನಗೆ ಎಷ್ಟು, ಈ ವಾರ ಎಷ್ಟು ಅಂತ ಒಬ್ಬೊಬ್ಬರೂ ತಮ್ಮದನ್ನೇ ಬರೆದಿಟ್ಟುಕೊಳ್ಳಿ.

ಪರೀಕ್ಷೆಯ ಹಿಂದಿನ ಸಂಜೆ ಸೇರಬೇಡಿ. ಒಬ್ಬರ ಗಾಬರಿ ನಾಲ್ವರಿಗೂ ಅಂಟುತ್ತದೆ. ಊಟ ಮಾಡಿ ಬೇಗ ಮಲಗಿ.

ಫಲಿತಾಂಶ ಬಂದ ದಿನ ಮಾತ್ರ ಸೇರಲೇಬೇಕು. ನಾಲ್ವರೂ ಪಾಸಾಗಿದ್ದರೆ ಸಂತೋಷ. ಒಬ್ಬರು ಒಂದು ವಿಷಯದಲ್ಲಿ ಉಳಿದುಕೊಂಡಿದ್ದರೆ ಮೂವರೂ ಆ ಸಂಜೆಯೇ ಅವರ ಮನೆಗೆ ಹೋಗಿ. ಸಮಾಧಾನದ ಮಾತು ಹೆಚ್ಚು ಬೇಡ. ಉಳಿದ ವಿಷಯವನ್ನು ಮತ್ತೆ ಬರೆಯುವ 'ಪರೀಕ್ಷೆ 2' ಕೆಲವೇ ವಾರಗಳಲ್ಲಿ ಬರುತ್ತದೆ. ಮರುದಿನ ಬೆಳಿಗ್ಗೆ ಜೊತೆಗೆ ಶಾಲೆಗೆ ಹೋಗಿ ನೋಂದಣಿ ಮಾಡಿಸಿ. ಸಂಜೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಸೀಮೆಸುಣ್ಣ ಅವರ ಕೈಗೆ ಕೊಟ್ಟು ಮೊದಲ ಪಾಠದಿಂದ ಶುರು ಮಾಡಿ.